ಕೊಟ್ಟವರ ಹೆಸರು

ಮಾಯವ್ವ ಎರಡನೇ ಮಹಡಿಯ ಪಾಯಖಾನೆ ತೊಳೆಯುತ್ತಿದ್ದಳು. ಮಾಸ್ತರರ ಪಾಯಖಾನೆ. ಮೂರು ತಿಂಗಳಿಂದ ನೀರು ಮೇಲೆ ಏರುತ್ತಿರಲಿಲ್ಲ. ಕೆಳಗಿನ ಟಾಕಿಯಿಂದ ಕೊಡದಲ್ಲಿ ಹೊತ್ತು ತರಬೇಕು. ಅವತ್ತು ಅದು ಹನ್ನೊಂದನೆಯ ಕೊಡ. ಆಸಿಡ್ ತಾಗಿ ತಾಗಿ ಬೆರಳ ಸಂದಿಗಳು ಬಿರಿದಿದ್ದವು. ಅರವತ್ತೆರಡು ವರ್ಷದ ಸೊಂಟ ಒಮ್ಮೆ ಬಗ್ಗಿದರೆ ನೆಟ್ಟಗಾಗಲು ಗೋಡೆ ಹಿಡಿಯಬೇಕಿತ್ತು.

ಬಾಗಿಲ ಹೊರಗೆ ಶ್ವೇತಾ ಬಂದು ನಿಂತಳು. ವಿಶ್ವವಿದ್ಯಾಲಯದ ಆ ಸ್ನಾತಕೋತ್ತರ ಕೇಂದ್ರದಲ್ಲಿ ಇತಿಹಾಸ ಕಲಿಸುವ ಅತಿಥಿ ಉಪನ್ಯಾಸಕಿ. ನರಗುಂದದಿಂದ ದಿನಾ ಬಸ್ಸಿಗೆ ಬಂದು ಹೋಗುವವಳು. ಆರು ವರ್ಷದಿಂದ ಅತಿಥಿ.

"ಆಯಿ, ಹೊರಗ ಬರ್ರಿ. ನಿಮ್ಮ ಜೋಡಿ ಮಾತಾಡೂದೈತಿ."

"ಕೈ ಹೊಲಸದಾವ್ರಿ ಅಕ್ಕಾರ. ಅಲ್ಲಿಂದನ ಹೇಳ್ರಿ."

ಶ್ವೇತಾ ಓಢಣಿಯಿಂದ ಮೂಗು ಮುಚ್ಚಿಕೊಂಡೇ ಹೇಳಿದಳು. ವಿಶ್ವವಿದ್ಯಾಲಯಕ್ಕೆ ಎಪ್ಪತ್ತೈದು ವರ್ಷ ತುಂಬಿತು. ಅಮೃತ ಮಹೋತ್ಸವ. ದೊಡ್ಡದೊಂದು ಇತಿಹಾಸದ ಪುಸ್ತಕ ಬರುತ್ತದೆ. ಮೊದಲ ಕುಲಪತಿಯಿಂದ ಹಿಡಿದು ಇವತ್ತಿನವರ ತನಕ ಎಲ್ಲರ ಫೋಟೋ, ಯಾವ ವಿಭಾಗ ಯಾವಾಗ ತೆರೆಯಿತು, ಯಾವ ಕಟ್ಟಡ ಯಾರು ಕಟ್ಟಿಸಿದರು, ಆಡಳಿತ ಹೇಗೆ ನಡೆಯುತ್ತದೆ, ಎಲ್ಲಾ. ಗಜೇಂದ್ರಗಡದ ಈ ಸ್ನಾತಕೋತ್ತರ ಕೇಂದ್ರದ ಅಧ್ಯಾಯ ಬರೆಯುವ ಕೆಲಸ ಶ್ವೇತಾಗೆ ಬಂದಿದೆ.

"ಈ ಕೇಂದ್ರ ಶುರು ಆದಾಗಿಂದ ಇದ್ದಾಕಿ ನೀವೊಬ್ರ ಉಳದೀರಿ. ನಾಡ್ದು ಕ್ಯಾಮೆರಾದವ್ರು ಬರ್ತಾರ. ನೀವು ನಾಕು ಮಾತು ಹೇಳಬೇಕು."

"ನಾ ಏನ್ ಹೇಳ್ಲಿ? ನನಗ ಓದಾಕ ಬರೂದಿಲ್ಲ."

"ಏನ್ ಹೇಳಬೇಕಂತ ಬರದು ಕೊಟ್ಟಾರ. ನಾ ಓದಿ ಕಲಸ್ತೀನಿ."

ಕೆಳಗಿನ ಅಂಗಳದಲ್ಲಿ, ಗೋಡೆಗೆ ಹಾಕಿದ ದೊಡ್ಡ ಹಲಗೆಯ ಮುಂದೆ ಇಬ್ಬರೂ ನಿಂತರು. ಆ ಹಲಗೆಯನ್ನು ಮಾಯವ್ವ ದಿನಾ ಒರೆಸುತ್ತಾಳೆ. ಅದರ ತುಂಬ ಚೌಕಗಳು, ಚೌಕದಿಂದ ಚೌಕಕ್ಕೆ ಗೆರೆಗಳು. ಅದೇನೆಂದು ಆಕೆ ಯಾರನ್ನೂ ಕೇಳಿರಲಿಲ್ಲ. ಅವತ್ತು ಕೇಳಿದಳು. ಶ್ವೇತಾ ಬೆರಳಿಟ್ಟು ತೋರಿಸಿದಳು. ಎಲ್ಲಕ್ಕಿಂತ ಮೇಲೆ ಕುಲಾಧಿಪತಿ. ಕೆಳಗೆ ಕುಲಪತಿ. ಈ ಕಡೆ ಸಿಂಡಿಕೇಟ್, ಆ ಕಡೆ ವಿದ್ಯಾವಿಷಯಕ ಪರಿಷತ್ತು. ಆಮೇಲೆ ಕುಲಸಚಿವರು, ಹಣಕಾಸು ಅಧಿಕಾರಿ, ನಿಕಾಯಗಳು, ವಿಭಾಗಗಳು, ಕೇಂದ್ರಗಳು. ಕಡೆಗೆ ಪ್ರಾಧ್ಯಾಪಕರು, ಗುಮಾಸ್ತರು, ಜವಾನರು.

"ನಾ ಯಾವ ಡಬ್ಬ್ಯಾಗ ಅದೀನ್ರಿ?"

ಶ್ವೇತಾ ಕೆಳಗಿನ ಸಾಲನ್ನು ಮತ್ತೊಮ್ಮೆ ನೋಡಿದಳು. "ನೀವು ಏಜೆನ್ಸಿಯವ್ರು ಆಯಿ. ಇದರಾಗ ಬರೂದಿಲ್ಲ." ಬೆರಳು ಹಿಂದೆಗೆದು ಅಂದಳು, "ನಾನೂ ಬರೂದಿಲ್ಲ."

ಆಮೇಲೆ ಚೀಟಿ ತೆಗೆದು ಓದಿದಳು. "ಪೂಜ್ಯ ಸಿದ್ದಲಿಂಗಗೌಡರು ತಮ್ಮ ಸ್ವಂತದ ಇಪ್ಪತ್ತೆರಡು ಎಕರೆ ಜಮೀನನ್ನು ವಿದ್ಯಾದಾನಕ್ಕಾಗಿ ಅರ್ಪಿಸಿದರು. ಬಂಜರು ಬಿದ್ದಿದ್ದ ನೆಲ ಜ್ಞಾನದ ತೋಟವಾಯಿತು. ನನ್ನಂಥ ಬಡವಳಿಗೂ ಇಲ್ಲಿ ಕೆಲಸ ಕೊಡಿಸಿದರು. ಅವರ ಉಪಕಾರ ಏಳು ಜನ್ಮಕ್ಕೂ ತೀರದು."

"ಬಂಜರ ಅಂದ್ರ ಏನ್ರಿ ಅಕ್ಕಾರ?"

"ಬೀಳು ಬಿದ್ದ ಹೊಲ ಆಯಿ. ಏನೂ ಬೆಳೀಲಾರದ್ದು."

ಮಾಯವ್ವ ಕೊಡ ಎತ್ತಿಕೊಂಡು ಟಾಕಿಯ ಕಡೆ ಹೋದಳು.

ಆ ನೆಲ ಅವಳದು. ಕಾಗದದಲ್ಲಿ ಅಲ್ಲ. ಬೆನ್ನಿನಲ್ಲಿ.

ಪುರ್ತಗೇರಿ ಊರಿನ ಕೆಳಗೇರಿಗೆ ಹದಿನಾಲ್ಕು ವರ್ಷದ ಸೊಸೆಯಾಗಿ ಬಂದಾಗ ಗಂಡ ಹೂವಪ್ಪ ಆ ಇಪ್ಪತ್ತೆರಡರಲ್ಲಿ ಆರು ಎಕರೆ ಉಳುತ್ತಿದ್ದ. ಅವನಪ್ಪನೂ ಉಳುತ್ತಿದ್ದ. ಬೆಳೆದದ್ದರಲ್ಲಿ ಅರ್ಧ ಗೌಡರ ವಾಡೆಗೆ, ಅರ್ಧ ಇವರಿಗೆ. ಮಸಾರಿ, ಕೆಂಪು ನೆಲ. ಗುಡ್ಡದ ಬುಡ. ಮಣ್ಣಿಗಿಂತ ಕಲ್ಲು ಹೆಚ್ಚು. ಮೂರು ಬೇಸಿಗೆ ಗಂಡ ಹೆಂಡತಿ ಕಲ್ಲು ಆರಿಸಿದರು. ಅವನು ಹಾರೆ ಹಾಕಿ ಎಬ್ಬಿಸುವುದು, ಇವಳು ಬುಟ್ಟಿಗೆ ತುಂಬಿ ತಲೆಯ ಮೇಲೆ ಹೊರುವುದು. ಸಿಂಬಿ ಹರಿದು ನೆತ್ತಿಯ ಕೂದಲು ಉದುರಿತು. ಆ ಕಲ್ಲಿನಿಂದಲೇ ಪಡುವಣ ಬದಿಗೆ ಒಡ್ಡು ಹಾಕಿದರು. ಮಳೆ ನೀರು ನಿಂತಿತು. ಸಜ್ಜೆ ಬಂತು, ಹೆಸರು ಬಂತು, ಒಂದು ವರ್ಷ ಶೇಂಗಾ ಎಷ್ಟು ಬಂತೆಂದರೆ ಗೌಡರೇ ಬಂದು ನೋಡಿ ಹೋದರು.

ಉಳುವವನೇ ಹೊಲದೊಡೆಯ ಎಂಬ ಕಾನೂನು ಬಂದಿತ್ತು. ಅರ್ಜಿ ಹಾಕಿದವರಿಗೆ ಹೊಲ. ಹೂವಪ್ಪ ರೋಣಕ್ಕೆ ನಡೆದು ಹೋಗಿ ಅರ್ಜಿ ಹಾಕಿ ಬಂದ. ಮೂರನೆಯ ದಿನ ವಾಡೆಯಿಂದ ಕರೆ ಬಂತು. ಹೂವಪ್ಪ ಮೆಟ್ಟಿಲ ಕೆಳಗೆ ನಿಂತ. ಸಿದ್ದಲಿಂಗಗೌಡರು ಬೈಯಲಿಲ್ಲ. ಮೆಲ್ಲಗೆ ಮಾತಾಡಿದರು.

"ಹೂವ್ಯಾ, ಕಾಗದಾ ನಂದು, ಹೊಲಾ ನಿಂದು. ನಾ ಇರೂತನಾ ನಿನ್ನ ಯಾವ ಮಗಾ ಬಿಡಸ್ತಾನ? ಕೋರ್ಟು ಕಚೇರಿ ಅಂತ ಹೋದಿ ಅಂದ್ರ, ನಿಮ್ಮ ಕೇರಿಗೆ ನೀರಿನ ಬಾವಿ ಯಾರ ಹೊಲದಾಗೈತಿ, ನೆಪ್ಪಿರ್ಲಿ."

ರೋಣದ ಭೂನ್ಯಾಯಮಂಡಳಿಯಲ್ಲಿ ಸಾಹೇಬರು ಕೇಳಿದರು, "ನೀನು ಆ ಜಮೀನು ಉಳುವವನೋ, ಕೂಲಿಯವನೋ?" ಗೌಡರು ಮುಂದಿನ ಬೆಂಚಿನಲ್ಲಿ ಕೂತಿದ್ದರು. ಹೂವಪ್ಪ ಅಂದ, "ಕೂಲ್ಯಾಂವ್ರಿ." ಅಷ್ಟೇ. ಮನೆಗೆ ಬಂದು ರೊಟ್ಟಿ ಮುಟ್ಟಲಿಲ್ಲ. ಮಾಯವ್ವ ಕೇಳಿದ್ದಕ್ಕೆ ಗೋಡೆಯ ಕಡೆ ಹೊರಳಿದ.

ಮುಂದೆ ಮೂರು ವರ್ಷಕ್ಕೆ ಸರಪಳಿ ಹಿಡಿದು ಅಳೆಯುವವರು ಬಂದರು. ಮಿತಿಗಿಂತ ಹೆಚ್ಚಿನ ಹೊಲ ಸರಕಾರ ಕಸಿಯುತ್ತದೆಂಬ ಹೆದರಿಕೆ ಗೌಡರಿಗಿತ್ತು. ಹ್ಯಾಗೂ ಹೋಗುವ ಹೊಲ, ದಾನ ಕೊಟ್ಟರೆ ಹೆಸರಾದರೂ ಉಳಿಯುತ್ತದೆ. ವಿಶ್ವವಿದ್ಯಾಲಯಕ್ಕೆ ಹಳ್ಳಿಯ ಕಡೆ ಒಂದು ಕೇಂದ್ರ ಬೇಕಿತ್ತು. ಹೆಸರಿನ ಬೆಳೆ ಮೊಳಕಾಲುದ್ದ ನಿಂತಿತ್ತು. ಅದರ ಮೇಲೆಯೇ ಸುಣ್ಣದ ಗೆರೆ ಬಿತ್ತು.

ಆಮೇಲಿನದನ್ನು ಮಾಯವ್ವ ಯಾರಿಗೂ ಹೇಳಿಲ್ಲ. ಹೊಟ್ಟೆಗಿಲ್ಲದೆ ಆಕೆ ಅದೇ ಪಾಯ ತೋಡುವ ಕೆಲಸಕ್ಕೆ ಹೋದಳು. ತಾನು ಕಟ್ಟಿದ ಒಡ್ಡನ್ನು ತಾನೇ ಕೆಡವಿದಳು. ಒಡ್ಡಿನ ಮಗ್ಗುಲಲ್ಲಿ ಅವಳ ಚೊಚ್ಚಲ ಕೂಸು ಮಣ್ಣಾಗಿತ್ತು. ಹನ್ನೊಂದು ದಿನದ ಹೆಣ್ಣು. "ಇದೊಂದ್ ಮೊಳಾ ಬಿಟ್ಟು ತೋಡ್ರಿ" ಎಂದು ಮೇಸ್ತ್ರಿಯ ಕಾಲಿಗೆ ಬಿದ್ದಳು. ಅಲ್ಲಿ ಕಂಬ ಬರುತ್ತದೆ, ನಕಾಶೆಯಲ್ಲಿದೆ ಎಂದ ಮೇಸ್ತ್ರಿ. ಬೇರೆಯವರ ಗುದ್ದಲಿ ತಾಗಬಾರದೆಂದು ಆಕೆ ತಾನೇ ತೋಡಿದಳು. ಆ ಬುಟ್ಟಿಯ ಮಣ್ಣನ್ನು ಎಲ್ಲರಂತೆ ರಾಶಿಗೆ ಸುರಿಯಲಿಲ್ಲ. ಹಳ್ಳದ ತನಕ ಹೊತ್ತಳು. ಆ ಹೊತ್ತಿನ ಕೂಲಿ ಮುರಿದರು.

ಕಟ್ಟಡ ಎದ್ದಿತು. ಬಾಗಿಲಲ್ಲಿ ಗೌಡರ ಹೆಸರಿನ ಕಲ್ಲು ನಿಂತಿತು. ಕಸ ಹೊಡೆಯಲು ಮಾಯವ್ವನನ್ನು ಇಟ್ಟುಕೊಂಡರು. ಅದನ್ನೇ ಉಪಕಾರ ಅಂದರು. ಹೂವಪ್ಪ ಆಮೇಲೆ ಹನ್ನೆರಡು ವರ್ಷ ಬದುಕಿದ್ದ. ಗಜೇಂದ್ರಗಡದ ಸಂತೆಗೆ ಹೋಗಬೇಕಾದರೆ ಎರಡು ಮೈಲಿ ಸುತ್ತು ಹಾಕಿ ಗುಡ್ಡದ ಹಿಂದಿನಿಂದ ಹೋಗುತ್ತಿದ್ದ. ಆ ಕಟ್ಟಡದ ಮುಂದೆ ಒಮ್ಮೆಯೂ ಹಾಯಲಿಲ್ಲ. ರೋಣದ ದವಾಖಾನಿಯಲ್ಲಿ ಸತ್ತ. ಹೆಣ ತಂದ ಗಾಡಿ ಮಾತ್ರ ನೆಟ್ಟನೆಯ ದಾರಿ ಹಿಡಿದು ಅದರ ಮುಂದೆಯೇ ಬಂತು.

ಕ್ಯಾಮೆರಾದವರು ಬಂದ ದಿನ ಎರಡು ಕುರ್ಚಿ ಹಾಕಿದ್ದರು. ಒಂದರಲ್ಲಿ ಕೇಂದ್ರದ ನಿರ್ದೇಶಕರು. ಇನ್ನೊಂದರಲ್ಲಿ ತೋಟಪ್ಪಗೌಡ. ಸಿದ್ದಲಿಂಗಗೌಡರ ಮಗ, ಈಗ ಸಿಂಡಿಕೇಟ್ ಸದಸ್ಯ. ಮಾಯವ್ವನಿಗೆ ಮೆಟ್ಟಿಲು ತೋರಿಸಿದರು. ಶ್ವೇತಾ ಚೀಟಿ ಹಿಡಿದು ಕ್ಯಾಮೆರಾದ ಹಿಂದೆ ನಿಂತಳು.

"ಕಸಬರಿಗಿ ಕೈಯಾಗ ಹಿಡಕೋ ಅಜ್ಜಿ. ಸಹಜ ಕಾಣ್ತೈತಿ," ಎಂದ ಕ್ಯಾಮೆರಾದವ.

ಹಿಡಿದಳು.

"ಸ್ವಲ್ಪ ನಗು."

ನಗಲು ನೋಡಿದಳು.

"ಹೂಂ, ಮಾಯಿ," ಅಂದ ತೋಟಪ್ಪಗೌಡ. "ನಮ್ಮಪ್ಪನ ಬಗ್ಗೆ ನಾಕು ಮಾತು ಚಲೋತಂಗ ಆಡು. ನಿನ್ನ ಬಾಯಿಲೆ ಬಂದ್ರ ಅದಕ್ಕ ಬೆಲೆ."

ಕ್ಯಾಮೆರಾದ ಕೆಂಪು ದೀಪ ಹತ್ತಿತು. ಶ್ವೇತಾ ಮೆಲ್ಲಗೆ ಹೇಳಿಕೊಟ್ಟಳು, "ಪೂಜ್ಯ ಸಿದ್ದಲಿಂಗಗೌಡರು..."

ಪೂಜ್ಯ ಅನ್ನುವುದು ಮಾಯವ್ವನಿಗೆ ಕಷ್ಟವಿರಲಿಲ್ಲ. ನಲವತ್ತು ವರ್ಷ ಅಂದಿದ್ದಳು. ಉಪಕಾರ ಅನ್ನುವುದೂ ಕಷ್ಟವಿರಲಿಲ್ಲ. ಆದರೆ ಆ ಇನ್ನೊಂದು ಮಾತು ಎರಡು ದಿನದಿಂದ ಆಕೆಯ ಎದೆಯಲ್ಲಿ ಮುಳ್ಳಿನಂತೆ ಮುರಿದು ಕೂತಿತ್ತು. ಕಸಬರಿಗೆ ಕೆಳಗಿಟ್ಟಳು.

"ಬಂಜರ ಇರಲಿಲ್ಲ," ಅಂದಳು.

"ಅದಲ್ಲ ಆಯಿ, ಮೊದಲಿಂದ..."

"ಬಂಜರ ಇರಲಿಲ್ಲರಿ ಅಕ್ಕಾರ. ಹೆಸರ ಇತ್ತು. ಮೊಳಕಾಲುದ್ದ ಹೆಸರ. ಇನ್ನೊಂದು ತಿಂಗಳಿಗೆ ಬಿಡಸಾಕ ಬರ್ತಿತ್ತು. ಅದನ್ನ ತುಳದು ಕಟ್ಟೀರಿ."

"ಏ, ಬಂದ್ ಮಾಡಪಾ ಅದನ್ನ," ಅಂದ ತೋಟಪ್ಪಗೌಡ.

ಮಾಯವ್ವ ಗೋಡೆ ಹಿಡಿಯದೆ ಎದ್ದು ನಿಂತಳು. "ಬಂದ್ ಮಾಡಬ್ಯಾಡ. ನಿಮ್ಮಪ್ಪ ಕೊಡಲಿಲ್ಲರಿ ಗೌಡ್ರ. ಇದ್ದಾಂವ ಕೊಡ್ತಾನ. ನಿಮ್ಮಪ್ಪನ ಕಡೆ ಕಾಗದಾ ಅಷ್ಟ ಇತ್ತು. ಹೊಲಾ ನನ್ನ ಗಂಡ ಹೂವಪ್ಪನ ಕಡೆ ಇತ್ತು. ಅವನೂ ಕೊಡಲಿಲ್ಲ. ನೀರಿನ ಬಾವಿ ತೋರಿಸಿ, ನಾ ಕೂಲ್ಯಾಂವ ಅಂತ ಅವನ ಬಾಯಿಲೇ ಅನಿಸಿ, ಕಸಗೊಂಡ್ರಿ. ದಾನ ಅಂತ ಕಲ್ಲ ಕೆತ್ತೀರಿ. ಆ ಕಲ್ಲನ್ನ ನಲವತ್ತು ವರ್ಷ ನಾ ಒರಸೀನಿ. ನನ್ನ ಕೈಲೇ ಒರಸೀನಿ!"

ಕೈ ಮೇಲೆತ್ತಿದ್ದಳು. ಕಣ್ಣಿಂದ ನೀರು ಹರಿಯುತ್ತಿತ್ತು. ಅದು ದುಃಖದ್ದೋ ಸಿಟ್ಟಿನದೋ ಅವಳಿಗೇ ಗೊತ್ತಿರಲಿಲ್ಲ. ಕ್ಯಾಮೆರಾದವ ಗಾಬರಿಯಲ್ಲಿ ಒಂದು ಫೋಟೋ ತೆಗೆದ.

ತೋಟಪ್ಪಗೌಡ ಕುರ್ಚಿಯಿಂದ ಏಳಲಿಲ್ಲ. ನಿರ್ದೇಶಕರ ಕಡೆ ಹೊರಳಿ ಹೇಳಿದ, "ವಯಸ್ಸಾತು. ತಲಿ ನಿಂತಿಲ್ಲ. ಪಾಪ."

ಮರುದಿನ ಏಜೆನ್ಸಿಯ ಸೂಪರ್‌ವೈಸರ್ ಗೇಟಿನಲ್ಲೇ ತಡೆದ. ಅರವತ್ತು ದಾಟಿದವರನ್ನು ಇಟ್ಟುಕೊಳ್ಳುವಂತಿಲ್ಲವೆಂದು ಮೇಲಿನಿಂದ ಹುಕುಂ ಬಂದಿದೆಯಂತೆ. ಅರವತ್ತು ದಾಟಿ ಎರಡು ವರ್ಷವಾಗಿತ್ತು. ಮಾಯವ್ವ ತನ್ನ ಕೊಡ ಕೇಳಿದಳು. ಅದು ಅವಳ ಮನೆಯದು. ಒಳಗಿನಿಂದ ಯಾರೋ ತಂದು ಗೇಟಿನ ಹೊರಗೆ ಇಟ್ಟರು.

ಶ್ವೇತಾ ಎರಡು ಸಲ ಕೆಳಗೇರಿಗೆ ಬಂದಳು. ಮೊದಲ ಸಲ ಬಾಗಿಲಲ್ಲಿ ಕೂತು ಎಲ್ಲಾ ಕೇಳಿದಳು. ವರ್ಷ, ಅರ್ಜಿ, ಬಾವಿ, ಒಡ್ಡು. ಕೇಳಿ ಕೇಳಿ ಬರೆದುಕೊಂಡಳು. ರೋಣದ ಕಚೇರಿಯಲ್ಲಿ ಹಳೆಯ ಕಡತ ಹುಡುಕುತ್ತೇನೆ ಅಂದಳು. ಎರಡನೆಯ ಸಲ ಮುಖದಲ್ಲಿ ಬೆಳಕಿತ್ತು.

"ಸಿಕ್ತು ಆಯಿ. ನಿಮ್ಮ ಯಜಮಾನ್ರು ಹಾಕಿದ ಅರ್ಜಿ ಇನ್ನೂ ಐತಿ. ನಾ ಖರೇ ಖರೇ ಬರದೀನಿ. ಆರು ಪುಟ. ಕಳಿಸೇನಿ."

"ಅವ್ರು ಹಾಕ್ತಾರೇನ್ರಿ?"

"ಇತಿಹಾಸ ಆಯಿ ಇದು. ಹ್ಯಾಂಗ ಹಾಕೂದಿಲ್ಲ?"

ಆಮೇಲೆ ಬರಲಿಲ್ಲ.

ಕೇಂದ್ರದ ಸಭಾಂಗಣದಲ್ಲಿ ಪುಸ್ತಕ ಬಿಡುಗಡೆಯಾದ ದಿನ ಆಟೋದಲ್ಲಿ ಮೈಕು ಕಟ್ಟಿ ಊರೂರಿಗೆ ಕೂಗಿದರು. ಸರ್ವರಿಗೂ ಸ್ವಾಗತ. ಮಾಯವ್ವ ಹೋದಳು. ಬಾಗಿಲಲ್ಲಿ ಮೇಜಿನ ಮೇಲೆ ಪುಸ್ತಕಗಳ ರಾಶಿ. ದಪ್ಪ ಹೊದಿಕೆ, ಬಂಗಾರದ ಅಕ್ಷರ. ಅಲ್ಲಿ ಅನ್ನಪೂರ್ಣಾ ನಿಂತಿದ್ದಳು. ಪಕ್ಕದ ಓಣಿಯ ಹುಡುಗಿ, ಅಲ್ಲೇ ಎಂ.ಎ. ಓದುತ್ತಿದ್ದಳು.

"ಅಜ್ಜಿ, ನಿನ್ನ ಫೋಟೋ ಬಂದೈತಿ!" ಎಂದು ಪುಟ ತೆರೆದು ತೋರಿಸಿದಳು.

ಮಾಯವ್ವ ನೋಡಿದಳು. ತನ್ನದೇ ಮಾರಿ. ಕಣ್ಣಲ್ಲಿ ನೀರು. ಎತ್ತಿದ ಕೈ ಇರಲಿಲ್ಲ. ಅದನ್ನು ಕತ್ತರಿಸಿದ್ದರು.

"ಕೆಳಗ ಏನ್ ಬರದಾರ ಓದು."

ಅನ್ನಪೂರ್ಣಾ ಓದಿದಳು. "ಕೇಂದ್ರದ ಹಿರಿಯ ಸ್ವಚ್ಛತಾ ಸಿಬ್ಬಂದಿಯೊಬ್ಬರು. ಭೂದಾನಿ ಸಿದ್ದಲಿಂಗಗೌಡರ ಔದಾರ್ಯವನ್ನು ನೆನೆದು ಕಣ್ಣೀರಾದ ಕ್ಷಣ."

ಓದಿ ಮುಗಿಸುವಷ್ಟರಲ್ಲಿ ಹುಡುಗಿಯ ದನಿ ಸಣ್ಣಗಾಗಿತ್ತು. ಆಕೆಗೆ ಆ ದಿನದ ಕತೆ ಗೊತ್ತಿತ್ತು. ಇಡೀ ಕೇರಿಗೆ ಗೊತ್ತಿತ್ತು.

"ನನ್ನ ಹೆಸರ?"

"ಇಲ್ಲಜ್ಜಿ."

"ಅವನ ಹೆಸರ? ಆರು ಪುಟ ಬರದೀನಿ ಅಂದಿದ್ರು ಅಕ್ಕಾರ."

ಅನ್ನಪೂರ್ಣಾ ಆ ಅಧ್ಯಾಯ ಹಿಂದೆ ಮುಂದೆ ಮಗುಚಿದಳು. ಕೆಳಗೆ ಶ್ವೇತಾಳ ಹೆಸರಿತ್ತು, ಲೇಖಕಿ ಎಂದು. ಹೂವಪ್ಪನ ಹೆಸರು ಎಲ್ಲಿಯೂ ಇರಲಿಲ್ಲ.

ಮಾಯವ್ವ ಪುಸ್ತಕ ಎದೆಗವಚಿಕೊಂಡು ನಡುವಿನ ದಾರಿಯಲ್ಲಿ ನಡೆದಳು. ಎರಡೂ ಕಡೆ ಕುರ್ಚಿಗಳು. ತಲೆಗಳು ಹೊರಳಿದವು. ವೇದಿಕೆಯಲ್ಲಿ ಹಾರ ಹಾಕಿಕೊಂಡವರ ಸಾಲು. ಮೈಕಿನ ಮುಂದೆ ಶ್ವೇತಾ. ಅವತ್ತಿನ ನಿರೂಪಣೆ ಅವಳದು. ರೇಶ್ಮೆ ಸೀರೆ ಉಟ್ಟಿದ್ದಳು. ಮಾಯವ್ವನನ್ನು ಕಂಡು ಅರ್ಧ ವಾಕ್ಯದಲ್ಲಿ ನಿಂತಳು.

"ಅಕ್ಕಾರ," ಅಂದಳು ಮಾಯವ್ವ. ಕೂಗಲಿಲ್ಲ. "ಅವತ್ತ ನಾ ಏನಂದೆ, ನೀವು ಕೇಳೀರಿ. ಇವ್ರಿಗೆ ಹೇಳ್ರಿ."

ತೋಟಪ್ಪಗೌಡ ವೇದಿಕೆಯಿಂದ ಶ್ವೇತಾಳನ್ನು ನೋಡಿದ. ನಿರ್ದೇಶಕರು ನೋಡಿದರು. ಶ್ವೇತಾಳ ತುಟಿಗಳು ಅಲುಗಿದವು. ಮೈಕಿನಲ್ಲಿ ಮೊದಲು ಉಸಿರಷ್ಟೇ ಕೇಳಿಸಿತು. ಆಮೇಲೆ ಮಾತು ಬಂತು.

"ದಯವಿಟ್ಟು... ಎಲ್ಲರೂ ಶಾಂತರಾಗಿ ಕುಳಿತುಕೊಳ್ಳಬೇಕಾಗಿ ವಿನಂತಿ."

ಮಾಯವ್ವ ಆಕೆಯನ್ನೇ ನೋಡಿದಳು. ಆಮೇಲೆ ಪುಸ್ತಕ ತೆರೆದು ತನ್ನ ಮಾರಿ ಇದ್ದ ಹಾಳೆಯನ್ನು ಹಿಡಿದು ಎಳೆದಳು. ಗಟ್ಟಿ ಕಾಗದ. ಒಂದೇ ಎಳೆತಕ್ಕೆ ಬರಲಿಲ್ಲ. ಎರಡನೆಯ ಸಲ ಬುಡಸಹಿತ ಬಂತು. ಆ ಸದ್ದು ಹಿಂದಿನ ಸಾಲಿನ ತನಕ ಕೇಳಿಸಿತು. ಹಾಳೆ ಮಡಚಿ ಕುಪ್ಪಸದಲ್ಲಿ ಇಟ್ಟುಕೊಂಡಳು. ಪುಸ್ತಕವನ್ನು ವೇದಿಕೆಯ ಅಂಚಿನ ಮೇಲೆ ಮೆಲ್ಲಗೆ ಇಟ್ಟಳು.

"ಉಳದದ್ದು ನಿಮ್ಮದು," ಅಂದಳು. "ನನ್ನ ಮಾರಿ ನಾ ಒಯ್ಯಾಕತ್ತೀನಿ."

ಇಬ್ಬರು ಕಾವಲುಗಾರರು ರಟ್ಟೆ ಹಿಡಿದರು. ಬೇಡ, ನಾನೇ ಬರುತ್ತೇನೆ ಅಂದರೂ ಬಿಡಲಿಲ್ಲ. ಮೆಟ್ಟಿಲಲ್ಲಿ ಒಂದು ಚಪ್ಪಲಿ ಕಳಚಿತು. ಒಂದೇ ಕಾಲಿನ ಚಪ್ಪಲಿಯಲ್ಲಿ ಆಕೆಯನ್ನು ಜೀಪು ಹತ್ತಿಸಿದರು.

ಗಜೇಂದ್ರಗಡದ ಠಾಣೆಯಲ್ಲಿ ಬರೆದುಕೊಳ್ಳುವ ಕಾನ್‌ಸ್ಟೇಬಲ್ ಬೀರಲಿಂಗ. ಕೊಣ್ಣೂರಿನ ಕಡೆಯವನು. ನಿರ್ದೇಶಕರ ದೂರು ಮೇಜಿನ ಮೇಲಿತ್ತು. ಸಮಾರಂಭಕ್ಕೆ ಅಡ್ಡಿ, ವಿಶ್ವವಿದ್ಯಾಲಯದ ಆಸ್ತಿಗೆ ಹಾನಿ.

"ಕುಂದ್ರು ಯವ್ವಾ," ಎಂದು ಕುರ್ಚಿ ತೋರಿಸಿದ. ಆಕೆ ನೆಲಕ್ಕೆ ಕೂರಲು ಹೋದಳು. "ಮ್ಯಾಲ ಕುಂದ್ರು. ಕೆಳಗ ಕುಂತ್ರ ನನಗ ಕೇಳಸೂದಿಲ್ಲ. ಪುಸ್ತಕ ಯಾಕ ಹರದಿ?"

"ಪುಸ್ತಕ ಹರದಿಲ್ಲ. ಸುಳ್ಳ ಹರದೀನಿ."

"ಹಂಗ ಬರಿಯಾಕ ಬರೂದಿಲ್ಲ. ಮೊದಲಿಂದ ಹೇಳು."

ಹೇಳಿದಳು. ಬೀರಲಿಂಗ ಬರೆದ. ನಡುನಡುವೆ ನಿಲ್ಲಿಸಿ ಕೇಳಿದ. ಎಷ್ಟು ಎಕರೆ? ಯಾವ ವರ್ಷ? ಅರ್ಜಿ ಎಲ್ಲಿ ಹಾಕಿದ್ದು? ಆಕೆಯನ್ನು ಹೀಗೆ ಸರಕಾರದ ಮನುಷ್ಯನೊಬ್ಬ ಕೇಳಿದ್ದು ಅದೇ ಮೊದಲು. ಎರಡು ಹಾಳೆ ತುಂಬಿದವು.

ಬಾಗಿಲಲ್ಲಿ ನೆರಳು ಬಿತ್ತು. ಶ್ವೇತಾ. ರೇಶ್ಮೆ ಸೀರೆಯ ಸೆರಗು ಮುದ್ದೆಯಾಗಿತ್ತು. ಕೈಯಲ್ಲಿ ಮಾಯವ್ವನ ಕಳಚಿದ ಚಪ್ಪಲಿ.

"ಆಯಿ, ನಂದು ತಪ್ಪಾತು. ನಾ ಬರದದ್ದನ್ನ ತಗದುಹಾಕಿದ್ರು. ಮುಂದಿನ ವರ್ಷ ನನ್ನ ತಗೋತಾರೋ ಇಲ್ಲೋ ಅಂತ..."

"ಒಳಗ ಬಂದು ಇವ್ರಿಗೆ ಹೇಳ್ರಿ ಅಕ್ಕಾರ. ಬರಕೊಳ್ಳಾಕತ್ತಾರ."

ಬೀರಲಿಂಗ ಪೆನ್ನು ಎತ್ತಿ ಕಾದ. ಶ್ವೇತಾ ಒಂದು ಕಾಲು ಹೊಸ್ತಿಲ ಮೇಲಿಟ್ಟಳು. ಪೆನ್ನು ನೋಡಿದಳು, ಕಾಗದ ನೋಡಿದಳು. ಆಮೇಲೆ ಬಗ್ಗಿ ಚಪ್ಪಲಿಯನ್ನು ಹೊಸ್ತಿಲ ಒಳಗೆ ಇಟ್ಟು, ಕಣ್ಣೊರೆಸಿಕೊಳ್ಳುತ್ತಾ ಹೊರಟುಹೋದಳು.

"ಯಾರ ಆಕಿ?"

"ಇತಿಹಾಸ ಬರಿಯಾಕಿ," ಅಂದಳು ಮಾಯವ್ವ. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅಷ್ಟು ಹೊತ್ತು ತಡೆದದ್ದು ಆಗ ಒಡೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೀರಲಿಂಗ ಪೆನ್ನು ಕೆಳಗಿಟ್ಟ. ಆಮೇಲೆ ನೀರು ತರಿಸಿ ಕೊಟ್ಟ.

"ಓದಿ ಹೇಳ್ತೀನಿ. ಸರಿ ಐತಿ ಅಂದ್ರ ಹೆಬ್ಬೆಟ್ಟು ಒತ್ತು," ಎಂದು ಓದತೊಡಗಿದ. "ನನ್ನ ಗಂಡನಾದ ದಿವಂಗತ ಹೂವಣ್ಣ ಎಂಬಾತನು ಸದರಿ ಜಮೀನನ್ನು..."

"ಹೂವಪ್ಪ."

"ಹಾಂ?"

"ಹೂವಣ್ಣ ಅಲ್ಲ. ಹೂವಪ್ಪ."

"ಒಂದಕ್ಷರದಾಗ ಏನೈತಿ ಯವ್ವಾ? ಸತ್ತಾನಲ್ಲ."

"ಸತ್ತಾನ. ಅದಕ್ಕ ತಿದ್ದು ಅಂತೀನಿ. ಆ ಅರ್ಜಿ ಬಿಟ್ರ ಎಲ್ಲೂ ಬರದಿಲ್ಲ ಅವನ ಹೆಸರ. ಇಲ್ಲೊಂದ್ ಕಡೆ ಬರದಿ. ಅದಾದ್ರೂ ಸರಿ ಇರ್ಲಿ."

ಬೀರಲಿಂಗ ಆಕೆಯ ಮುಖ ನೋಡಿದ. "ಇದನ್ನ ಯಾರೂ ಓದೂದಿಲ್ಲ. ಕಡತದಾಗ ಕಟ್ಟಿ ಇಡ್ತಾರ, ತಿಳೀತಲ್ಲ?"

"ತಿದ್ದು ತಮ್ಮಾ."

ಆತ ಗೆರೆ ಎಳೆದು ಹೊಡೆದುಹಾಕಿದ. ಮೇಲೆ ದುಂಡಗೆ, ನಿಧಾನಕ್ಕೆ ಬರೆದ. ಪಕ್ಕದಲ್ಲಿ ತನ್ನ ಸಣ್ಣ ಸಹಿ ಹಾಕಿದ. ಮತ್ತೆ ಮೊದಲಿಂದ ಓದಿದ.

"ನನ್ನ ಗಂಡನಾದ ದಿವಂಗತ ಹೂವಪ್ಪ ಎಂಬಾತನು ಸದರಿ ಜಮೀನನ್ನು ತನ್ನ ತಂದೆಯ ಕಾಲದಿಂದಲೂ ಸಾಗುವಳಿ ಮಾಡಿಕೊಂಡು ಬಂದಿದ್ದನು."

ಮಾಯವ್ವ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದಳು.

"ಇನ್ನೊಮ್ಮೆ ಓದು."

ಆತ ಇನ್ನೊಮ್ಮೆ ಓದಿದ. ಈ ಸಲ ಗಟ್ಟಿಯಾಗಿ ಓದಿದ. ಬೆಂಚಿನ ಮೇಲೆ ತಮ್ಮ ತಮ್ಮ ದೂರು ಹಿಡಿದು ಕಾಯುತ್ತಿದ್ದವರು ಮಾತು ನಿಲ್ಲಿಸಿ ಈ ಕಡೆ ಹೊರಳಿದರು.